ಆ ಪಬ್ಬೂ ಇಲ್ಲ, ಆ ಜನರೂ ಇಲ್ಲ

ಪ್ರಶ್ನೆ: ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿದ್ದ ನಾಸಾ ಪಬ್ ಮುಚ್ಚಿ ಎಷ್ಟೋ ವರ್ಷ ಆಯಿತು. 90ರ ದಶಕದಲ್ಲಿ ಶನಿವಾರ ತಪ್ಪದೆ ಹೋಗುತ್ತಿದ್ದೆ. ಈಗಿನ ಪಬ್‌ಗಳಲ್ಲಿ ಆ ಬಿಯರ್ ರುಚಿಯೂ ಸಿಗಲ್ಲ, ಆ ಜನರೂ ಸಿಗಲ್ಲ. ಇದು ನನ್ನ ವಯಸ್ಸಿನ ದೋಷವಾ?
– ಹಳೇ ಗಿರಾಕಿ, ಮೈಸೂರು

ಉತ್ತರ: ಅರ್ಧ ವಯಸ್ಸೇ, ಒಪ್ಪಿಕೊಂಡುಬಿಡಿ. ಇನ್ನರ್ಧಕ್ಕೆ ಕಾರಣ ಇದೆ.

ನಾವು ಆಗ ಕುಡಿಯುತ್ತಿದ್ದದ್ದು ಕೆಗ್‌ನಿಂದ, ಅಂದರೆ ಲೋಹದ ಪೀಪಾಯಿಯಿಂದ, ನಲ್ಲಿಯಲ್ಲಿ ಬರುವ ಡ್ರಾಫ್ಟ್ ಬಿಯರ್, ಅಲ್ವಾ? ಕೆಗ್ ಒಮ್ಮೆ ತೆರೆದ ಮೇಲೆ ಬೇಗ ಮುಗಿಯಬೇಕು, ಇಲ್ಲದಿದ್ದರೆ ದಿನ ಕಳೆದಂತೆ ಸಪ್ಪೆಯಾಗುತ್ತದೆ. ಶನಿವಾರ ಸಂಜೆ ನಾಸಾದಲ್ಲಿ ನಿಲ್ಲೋಕೂ ಜಾಗ ಇರುತ್ತಿರಲಿಲ್ಲ, ಕೆಗ್ ಮೇಲೆ ಕೆಗ್ ಖಾಲಿ ಆಗುತ್ತಿತ್ತು, ಹಾಗಾಗಿ ಮಗ್‌ಗೆ ಬೀಳುತ್ತಿದ್ದದ್ದು ಯಾವಾಗಲೂ ತಾಜಾ. ಅಂದರೆ ಆ ರುಚಿಗೆ ಆ ಜನರೇ ಕಾರಣ! ಈಗ ಊರ ತುಂಬ ಮೈಕ್ರೋಬ್ರುವರಿಗಳು. ಅಲ್ಲೇ ಕುದಿಸಿ ಹುಳಿ ಬರಿಸಿದ ಗೋಧಿ ಬಿಯರ್ ಕೊಡುತ್ತಾರೆ. ಚೆನ್ನಾಗಿಯೇ ಇರುತ್ತದೆ, ಆದರೆ ಅದು ಬೇರೆ ಪಾನೀಯ, ಹೋಲಿಸಬೇಡಿ.

ಇನ್ನು ಜನ. ಒಳಗೆಲ್ಲ ಬಾಹ್ಯಾಕಾಶ ನೌಕೆಯ ಥರ ಅಲಂಕಾರ, ಅದರ ಮಧ್ಯೆ ಕೂತವರು ಮಾತ್ರ ಅಪ್ಪಟ ನೆಲದ ಮೇಲಿನವರು. ಕೌಂಟರ್ ಪಕ್ಕದ ಸ್ಟೂಲಿನ ಯಜಮಾನರೊಬ್ಬರು ಕಡ್ಲೆಬೀಜ ಮಸಾಲೆಯಿಂದ ಈರುಳ್ಳಿ ಆರಿಸಿ ಪಕ್ಕಕ್ಕಿಟ್ಟು, ಕೊನೆಗೆ ಆ ಈರುಳ್ಳಿಯನ್ನೇ ತಿನ್ನುತ್ತಿದ್ದರು. ಇನ್ನೊಬ್ಬರು ಒಂದೇ ಮಗ್ಗನ್ನು ಎರಡು ಗಂಟೆ ಎಳೆಯುತ್ತಿದ್ದರು, ಬಿಲ್ ಬಂದಾಗ ಮಾತ್ರ ಎಲ್ಲರಿಗಿಂತ ಮುಂಚೆ ಜೇಬಿಗೆ ಕೈ ಹಾಕುತ್ತಿದ್ದರು. ಆರೇಳು ವರ್ಷ ಇವರ ಜೊತೆ ಹರಟಿದ್ದೇನೆ. ಹೆಸರು? ಯಾರದ್ದೂ ಗೊತ್ತಿಲ್ಲ! ‘ಗುರು’, ‘ಬಾಸ್’, ಅಷ್ಟೇ. ಮೊಬೈಲ್ ನಂಬರ್ ಕೇಳೋಕೆ ಮೊಬೈಲೇ ಇರಲಿಲ್ಲ, ಮುಂದಿನ ಶನಿವಾರ ಸಿಗುತ್ತಾರೆ ಅನ್ನೋ ಧೈರ್ಯ ಬೇರೆ. ಪಬ್ ಮುಚ್ಚಿದಾಗ ನಮಗೆ ಹೋಗಿದ್ದು ಬಿಯರ್ ಅಲ್ಲ, ವಿಳಾಸ.

ಮೊನ್ನೆ ಆ ಕಡೆ ಹೋಗಿದ್ದೆ. ರಸ್ತೆಗೆ ಕಲ್ಲು ಹಾಸಿದ್ದಾರೆ, ಪುಸ್ತಕದಂಗಡಿಗಳು ತುಂಬಿ ತುಳುಕುತ್ತಿವೆ. ಸುಮ್ನೆ ಒಂದು ಸುತ್ತು ಹಾಕಿ ಎಂ.ಜಿ. ರಸ್ತೆಯಲ್ಲಿ ಮೆಟ್ರೋ ಹಿಡಿದೆ.

ಅಂದ ಹಾಗೆ, ಮಳೆ ಇರಲಿ ಬಿಡಲಿ, ಹಸಿರು ಹೆಲ್ಮೆಟ್ಟನ್ನು ತೊಡೆ ಮೇಲಿಟ್ಟುಕೊಂಡೇ ಕೂರುತ್ತಿದ್ದವರು ನೀವೇನಾ? ಹೌದಾದರೆ ಪತ್ರ ಬರೆಯಿರಿ. ನಿಮ್ಮಿಂದ ನನಗೊಂದು ದೊಡ್ಡ ಜಗ್ ಬಿಯರ್ ಬಾಕಿ ಇದೆ.