ನಿಮ್ಮ ಕ್ಲೆಬೆರ್ ಲೇಖನದಲ್ಲಿ ಕಾಲಾಳುಗಳು ಕಾಣಿಸುತ್ತಿಲ್ಲ

ನಮಸ್ಕಾರ. ಫ್ರೆಂಚ್ ಕ್ರಾಂತಿಕಾಲದ ಜನರಲ್ ಕ್ಲೆಬೆರ್ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಇಸವಿಗಳು ಸರಿಯಾಗಿವೆ. 1800ರ ಜೂನ್ 14ರಂದೇ ಕೈರೋದಲ್ಲಿ ಕ್ಲೆಬೆರ್, ಇಟಲಿಯ ಮರೆಂಗೋ ಯುದ್ಧದಲ್ಲಿ ಇನ್ನೊಬ್ಬ ಫ್ರೆಂಚ್ ಜನರಲ್ ದೆಸೇ ಸತ್ತದ್ದನ್ನು ಬಣ್ಣ ಹಚ್ಚದೆ ಹೇಳಿದ್ದೀರಿ. ಆದರೂ ಲೇಖನ ಹೀಗೇ ಅಚ್ಚಾಗಬಾರದು. ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು.

"ಗಾರೆಯವನ ಮಗ ಕ್ರಾಂತಿಯ ದೆಸೆಯಿಂದ ರಾತ್ರೋರಾತ್ರಿ ಜನರಲ್ ಆದ" ಎಂದಿದ್ದೀರಿ. 1753ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಹುಟ್ಟಿದ ಈತ 1793ರಲ್ಲಿ ಜನರಲ್ ಆದಾಗ ನಲವತ್ತು ತುಂಬಿತ್ತು. ಅದಕ್ಕೆ ಮುಂಚೆ ವಾಸ್ತುಶಿಲ್ಪ ಕಲಿತಿದ್ದ, ಆಸ್ಟ್ರಿಯಾದ ಸೇನೆಯಲ್ಲಿ ವರ್ಷಗಟ್ಟಲೆ ದುಡಿದಿದ್ದ. ಕುಲೀನ ಮನೆತನದವನಲ್ಲವಾದ್ದರಿಂದ ಅಲ್ಲಿ ಬಡ್ತಿಯ ದಾರಿ ಮುಚ್ಚಿತ್ತು. ಊರಿಗೆ ಮರಳಿ ಬೆಲ್‌ಫೋರ್‌ನಲ್ಲಿ ಸರ್ಕಾರಿ ಕಟ್ಟಡಗಳ ಮೇಲ್ವಿಚಾರಕನಾದ. 1792ರಲ್ಲಿ ಸ್ವಯಂಸೇವಕರ ಪಡೆ ಸೇರಿದಾಗ, ಸುತ್ತಲಿದ್ದ ಹೊಸ ಹುಡುಗರಿಗೆ ಗೊತ್ತಿಲ್ಲದ ಕವಾಯತು ಇವನಿಗೆ ಗೊತ್ತಿತ್ತು. ಮೇಲೆ ಬಂದದ್ದು ಆ ಬಲದಿಂದ. ಮರುವರ್ಷ ಜರ್ಮನಿಯ ಮೈನ್ಜ್ ಕೋಟೆಯ ಮುತ್ತಿಗೆಯಲ್ಲಿ ಹೆಸರು ಮಾಡಿದ. ಕೋಟೆ ಬಿಟ್ಟುಕೊಟ್ಟ ಆ ಫ್ರೆಂಚ್ ಪಡೆ ಶರಣಾಗತಿಯ ಷರತ್ತಿನಂತೆ ಒಂದು ವರ್ಷ ಮಿತ್ರಕೂಟದ, ಅಂದರೆ ಫ್ರಾನ್ಸಿನ ಮೇಲೆ ಒಟ್ಟಾಗಿದ್ದ ರಾಜ್ಯಗಳ ವಿರುದ್ಧ ಹೋರಾಡುವಂತಿರಲಿಲ್ಲ, ಅದಕ್ಕೇ ಅವರನ್ನು ಪಶ್ಚಿಮ ಫ್ರಾನ್ಸಿನ ವಾಂದೇಯಲ್ಲಿ ಕ್ರಾಂತಿಯ ವಿರುದ್ಧ ಎದ್ದಿದ್ದ ದಂಗೆಯತ್ತ ಕಳಿಸಿದರು. ನೀವು "ನಂತರ ವಾಂದೇಗೆ ಹೋದ" ಎಂದಷ್ಟೇ ಬರೆದಿದ್ದೀರಿ. ಏಕೆ ಹೋದ ಎಂಬುದೇ ಅಲ್ಲಿನ ಕಥೆ.

ಇನ್ನು ಪ್ಯಾಲೆಸ್ಟೀನಿನಲ್ಲಿ ಒಟ್ಟೋಮನ್ ಸೇನೆಯ ವಿರುದ್ಧ ನಡೆದ ಮೌಂಟ್ ತಾಬೋರ್ ಯುದ್ಧ, 1799ರ ಏಪ್ರಿಲ್ 16. "ಬೆಳಗಿನಿಂದ ಫ್ರೆಂಚರು ಎಡೆಬಿಡದೆ ಗುಂಡಿನ ಮಳೆ ಸುರಿಸಿದರು, ಕ್ಲೆಬೆರ್ ಸಿಂಹದಂತೆ ಘರ್ಜಿಸಿದ." ಘರ್ಜನೆ ಬಿಡಿ, ಗುಂಡಿನ ಲೆಕ್ಕ ಹಾಕಿ. ಸಿಪಾಯಿಯ ಕೈಯಲ್ಲಿದ್ದದ್ದು 1777ರ ಮಾದರಿಯ ಚಕಮಕಿ ಕೋವಿ. ಕಾಗದದ ಕಾಡತೂಸನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು, ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಮುಚ್ಚಬೇಕು, ಉಳಿದ ಮದ್ದನ್ನೂ ಗುಂಡನ್ನೂ ನಳಿಕೆಗೆ ಸುರಿದು ಕಬ್ಬಿಣದ ಸರಳಿನಿಂದ ಜಡಿಯಬೇಕು. ಪಳಗಿದ ಕೈಗೆ ನಿಮಿಷಕ್ಕೆ ಮೂರು ಗುಂಡು. ಚೀಲದಲ್ಲಿ ಐವತ್ತು ಕಾಡತೂಸಿದ್ದರೂ ಎಡೆಬಿಡದೆ ಹಾರಿಸಿದರೆ ಹದಿನೇಳು ನಿಮಿಷಕ್ಕೆ ಖಾಲಿ. ಅಷ್ಟರೊಳಗೆ ಮದ್ದಿನ ಮಸಿ ಕಟ್ಟಿ ಕೋವಿಯ ಕಿವಿ, ಅಂದರೆ ಬಟ್ಟಲಿನ ಬೆಂಕಿ ನಳಿಕೆಯೊಳಗೆ ಹೋಗುವ ತೂತು, ಮುಚ್ಚಿಕೊಳ್ಳುತ್ತದೆ, ಚಕಮಕಿ ಕಲ್ಲು ಸವೆದು ಕಿಡಿ ಹಾರುವುದಿಲ್ಲ.

ಹಾಗಾದರೆ ಸುಮಾರು 2,000 ಜನ ಅಷ್ಟೊಂದು ಕುದುರೆ ದಂಡಿನ ನಡುವೆ ಮಧ್ಯಾಹ್ನದವರೆಗೆ ನಿಂತದ್ದು ಹೇಗೆ? ಕುದುರೆಗಳು ಹತ್ತಿರ ಬರುವವರೆಗೆ ಗುಂಡು ಹಾರಿಸದೆ ತಡೆದುಕೊಂಡದ್ದರಿಂದ. ಚೌಕ ಕಟ್ಟಿ ನಾಲ್ಕೂ ಕಡೆ ಬಯೋನೆಟ್ ಚಾಚಿದರೆ ಕುದುರೆ ಅದರ ಮೇಲೆ ನುಗ್ಗುವುದಿಲ್ಲ, ಪಕ್ಕಕ್ಕೆ ತಿರುಗುತ್ತದೆ. ಯಾರೋ ಹೆದರಿ ದೂರದಲ್ಲೇ ಹಾರಿಸಿ, ಸಾಲಿಗೆ ಸಾಲೇ ಅವನನ್ನು ಅನುಸರಿಸಿತೋ, ಮತ್ತೆ ತುಂಬಲು ಇಪ್ಪತ್ತು ಸೆಕೆಂಡು ಬೇಕು. ಅಷ್ಟರಲ್ಲಿ ದಂಡು ಮೈಮೇಲೆ ಬಂದಿರುತ್ತದೆ. ಗುಂಡು ತಿಂದ ಕುದುರೆ ಸಾಲಿನ ಮೇಲೆ ಉರುಳಿದರೂ ಅಪಾಯವೇ, ಆ ಕಿಂಡಿಯಲ್ಲಿ ಹಿಂದಿನವರು ನುಗ್ಗುತ್ತಾರೆ. ಪಕ್ಕದವನು ಬಿದ್ದೊಡನೆ ಆ ಜಾಗಕ್ಕೆ ಸರಿಯಬೇಕು. ಚೌಕದಲ್ಲಿ ನಿಂತವರು ಕಲಿತಿರಬೇಕಾದದ್ದು ಇದನ್ನೇ. ನೀವು ಬಿಟ್ಟದ್ದು ಇನ್ನೊಂದಿದೆ. ಕ್ಲೆಬೆರ್ ಯೋಚಿಸಿದ್ದು ರಾತ್ರಿಯ ದಾಳಿ. ತಲುಪುವಷ್ಟರಲ್ಲಿ ಬೆಳಗಾಗಿಹೋಗಿತ್ತು, ಶತ್ರು ಇವರನ್ನು ಸುತ್ತುವರಿದದ್ದು ಅದರಿಂದ. ಕಾಡತೂಸು ಮುಗಿಯುತ್ತ ಬಂದಾಗ ನೆಪೋಲಿಯನ್ ಬೋನಪಾರ್ಟೆಯು ಜನರಲ್ ಬಾನ್‌ನ ಡಿವಿಷನ್ ತಂದು ಶತ್ರುವಿನ ಹಿಂದಿನಿಂದ ಎರಗಿದ.

ನಾನು ಕರಡು ತಿದ್ದಲು ಕಲಿತ ಕಚೇರಿಯಲ್ಲಿ ಯುದ್ಧದ ಲೇಖನ ಬಂದರೆ ಹಿರಿಯರು ಮೊದಲು ಕೇಳುತ್ತಿದ್ದದ್ದು ಮೂರೇ: ಎಷ್ಟು ದೂರ ನಡೆದರು, ಏನು ತಿಂದರು, ಮದ್ದು ಎಷ್ಟಿತ್ತು. ಆ ಪ್ರಶ್ನೆಗಳನ್ನು ನಿಮ್ಮ ಲೇಖನಕ್ಕೂ ಹಾಕಿ.

ತಾಬೋರ್ ಭಾಗವನ್ನು ಚೌಕದೊಳಗೆ ನಿಂತ ಸಿಪಾಯಿಯ ಕಡೆಯಿಂದ ಮತ್ತೆ ಬರೆಯಿರಿ, ಗಂಟೆಗಳ ಕ್ರಮ ತಪ್ಪದಿರಲಿ. ಆ ಎರಡು ಪುಟ ಮೊದಲು ಕಳಿಸಿ. ಉಳಿದದ್ದನ್ನು ಆಮೇಲೆ ಕೂತು ನೋಡೋಣ.