ಪ್ರಶ್ನೋತ್ತರ: ಘಟ್ಟ ಯಾಕೆ ಇನ್ನೂ ಸವೆದಿಲ್ಲ?

ಪ್ರಶ್ನೆ: ಮುಳ್ಳಯ್ಯನಗಿರಿಯ ಕಲ್ಲು ಹಿಮಾಲಯಕ್ಕಿಂತ ಎಷ್ಟೋ ಹಳೆಯದಂತೆ. ಇಷ್ಟು ಮಳೆಗೆ ಸಹ್ಯಾದ್ರಿ ಈಗಾಗಲೇ ಬಯಲಾಗಬೇಕಿತ್ತಲ್ಲವೆ? (ಚಿಕ್ಕಮಗಳೂರು)

ಉತ್ತರ: ಕಲ್ಲಿನ ವಯಸ್ಸೇ ಬೇರೆ, ಬೆಟ್ಟದ ವಯಸ್ಸೇ ಬೇರೆ. ಮುಳ್ಳಯ್ಯನಗಿರಿ ಇರುವ ಬಾಬಾಬುಡನ್ ಸಾಲಿನ ಕಲ್ಲಿಗೆ 250 ಕೋಟಿ ವರ್ಷ ಎಂದೋ ದಾಟಿದೆ, ನಿಜ. ಆದರೆ ಘಟ್ಟ ತಲೆಯೆತ್ತಿದ್ದು ಭೂಖಂಡ ಒಡೆದ ಮೇಲೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮದ ಅಂಚಿನಿಂದ ಕಳಚಿಕೊಂಡಿತು. ಆ ಕಾಲದ ಲಾವಾ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತಿದೆ. ಆರು ಕೋಟಿ ಚಿಲ್ಲರೆ ವರ್ಷದ ಹಿಂದೆ ಸೇಶೆಲ್ಸ್ ಕೂಡ ದೂರ ಸರಿಯಿತು. ಒಡೆದ ಅಂಚು ಮೇಲೆದ್ದು ಕಡಲ ಕಡೆಗೆ ಕಡಿದಾಯಿತು, ಮೂಡಣಕ್ಕೆ ಇಳಿಜಾರಾಯಿತು. ತಲಕಾವೇರಿಯಿಂದ ಅರಬ್ಬೀ ಸಮುದ್ರ ಕಾಗೆ ಹಾರಿದಷ್ಟು ನೇರ ಲೆಕ್ಕದಲ್ಲಿ 50 ಕಿ.ಮೀ. ಆಸುಪಾಸು. ಆದರೂ ಕಾವೇರಿ ಬೆನ್ನು ತಿರುಗಿಸಿ 800 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ಹಾಗೆ ನೋಡಿದರೆ ಸಹ್ಯಾದ್ರಿ ಹಿಮಾಲಯದಂಥ, ನೆಲ ಮಡಚಿಕೊಂಡು ಎದ್ದ ಮಡಿಕೆ ಪರ್ವತವೇ ಅಲ್ಲ, ಪ್ರಸ್ಥಭೂಮಿಯ ಅಂಚು.

ಇನ್ನು ಸವೆತ. ಭೂಚಿಪ್ಪಿನ ಕಲ್ಲು ನೀರಿಗಿಂತ 2.7 ಪಟ್ಟು ಭಾರ, ಅದನ್ನು ತೇಲಿಸಿಕೊಂಡಿರುವ ಕೆಳಗಿನ ಬಿಸಿ ಕಲ್ಲಿನ ಪದರ, ಅಂದರೆ ಮ್ಯಾಂಟಲ್, 3.3 ಪಟ್ಟು. ಸರಕು ಇಳಿಸಿದ ದೋಣಿ ಮೇಲೇಳುವಂತೆ, ಮೇಲಿನ ಕಲ್ಲು ಕೊಚ್ಚಿಹೋದಷ್ಟೂ ತಳ ಮೇಲೆ ಬರುತ್ತದೆ. ವಿಶಾಲ ಪ್ರದೇಶದಲ್ಲಿ 1,000 ಮೀಟರ್ ಸವೆದರೆ 820 ಮೀಟರ್‌ನಷ್ಟು ಮೇಲೆದ್ದು, ಕೊನೆಗೆ ಇಳಿಯುವುದು 180 ಮೀಟರ್ ಮಾತ್ರ. ಜೊತೆಗೆ ಬಾಬಾಬುಡನ್, ಕುದುರೆಮುಖದ ನೆತ್ತಿಯ ಮೇಲಿರುವ ಕಬ್ಬಿಣದ ಅದಿರಿನ ಗಟ್ಟಿ ಪದರ ಮಳೆಗೆ ಸುಲಭಕ್ಕೆ ಬಗ್ಗುವಂಥದ್ದಲ್ಲ.

ಪ್ರಶ್ನೆ: ಎವರೆಸ್ಟ್ ಹೀಗೇ ಬೆಳೆಯುತ್ತಾ ಹೋಗುತ್ತದೆಯೆ? (ಧಾರವಾಡ)

ಉತ್ತರ: ಇಲ್ಲ. ಭಾರತದ ನೆಲ ಉತ್ತರಕ್ಕೆ ತಳ್ಳುವುದರಲ್ಲಿ ವರ್ಷಕ್ಕೆ ಸುಮಾರು 2 ಸೆಂ.ಮೀ. ಹಿಮಾಲಯದಲ್ಲೇ ಅಡಗುತ್ತದೆ, ಆದರೆ ಎತ್ತರಕ್ಕೆ ದಕ್ಕುವುದು ಮಿಲಿಮೀಟರ್‌ಗಳ ಲೆಕ್ಕ. ಹಿಮನದಿಗಳು ಕೆರೆಯುತ್ತಿರುತ್ತವೆ, ಆಳದ ಬಿಸಿ ಕಲ್ಲು ಭಾರ ತಾಳದೆ ಪಕ್ಕಕ್ಕೆ ಜರುಗುತ್ತದೆ. 2015ರ ನೇಪಾಳ ಭೂಕಂಪದಲ್ಲಿ ಕಠ್ಮಂಡು ಕಣಿವೆ ಒಂದು ಮೀಟರಿನಷ್ಟು ಏರಿತು, ಅದರ ಉತ್ತರದ ಎತ್ತರದ ಹಿಮಾಲಯವೇ ಕುಸಿಯಿತು!

ಪ್ರಶ್ನೆ: ಮನೆಯ ಹಿಂದಿನ ಧರೆ ಪ್ರತಿ ಮಳೆಗಾಲ ಜರಿಯುತ್ತದೆ. ಏನು ಮಾಡಬೇಕು? (ಹೊನ್ನಾವರ)

ಉತ್ತರ: ಬೆಟ್ಟ ಸವೆಯುವುದು ಹೆಚ್ಚಾಗಿ ಹೀಗೆಯೇ. ನಿಮ್ಮ ಕಡೆ ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಅದರಡಿ ಶೇಡಿ ಎಂಬ ಮೆತ್ತನೆಯ ಜೇಡಿ ಮಣ್ಣು. ಮುರಕಲ್ಲಿನ ತೂತುಗಳಲ್ಲಿ ಇಳಿದ ನೀರು ಶೇಡಿಯಲ್ಲಿ ತಡೆದು ನಿಲ್ಲುತ್ತದೆ. ಶೇಡಿ ನೆನೆದು ಜಾರಿದರೆ ಮೇಲಿನದ್ದೆಲ್ಲ ಒಟ್ಟಿಗೇ ಬರುತ್ತದೆ.

ಧರೆಯನ್ನು ನೆಟ್ಟಗೆ ಕಡಿದು ಬಿಡಬೇಡಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ತಡೆಗೋಡೆ ಕಟ್ಟುವುದಾದರೆ ಮೀಟರಿಗೊಂದರಂತೆ 3-4 ಇಂಚಿನ ಪೈಪು ಹೊರಮುಖವಾಗಿ ಇಳಿಜಾರಾಗಿ ಕೂರಿಸಿ, ಹಿಂಬದಿಗೆ ಜಲ್ಲಿ ತುಂಬಿಸಿ. ತೂತಿಲ್ಲದ ಗೋಡೆ ಮಣ್ಣಿನ ಭಾರಕ್ಕಿಂತ ನೀರಿನ ಒತ್ತಡಕ್ಕೇ ಬೀಳುತ್ತದೆ. ಧರೆಯ ನೆತ್ತಿಯಲ್ಲಿ ಇಂಗುಗುಂಡಿ ಬೇಡವೇ ಬೇಡ. ಬಯಲಿಗೆ ಒಳ್ಳೆಯದಾದದ್ದು ಇಲ್ಲಿ ಅಪಾಯ. ಅಲ್ಲಿ ಸಿಮೆಂಟು ಬಳಿದ ಚರಂಡಿ ಮಾಡಿ ನೀರನ್ನು ಪಕ್ಕಕ್ಕೆ ದಾಟಿಸಿ. ಬಿರುಕು ಕಂಡರೆ ಜೇಡಿ ಮಣ್ಣಿನಿಂದ ಮೆತ್ತಿ, ಟಾರ್ಪಾಲು ಹೊದಿಸಿ. ಬಿರುಕು ದಿನೇ ದಿನೇ ಅಗಲವಾದರೆ, ಮರಗಳು ವಾಲಿದರೆ, ತಿಳಿಯಾಗಿದ್ದ ಒರತೆ ಕೆಂಪಾದರೆ ಅಥವಾ ಥಟ್ಟನೆ ನಿಂತರೆ, ಆ ರಾತ್ರಿ ಆ ಮನೆಯಲ್ಲಿ ಮಲಗಬೇಡಿ.