ಹೂಜಿ ಗಿಡಕ್ಕೆ ನೊಣ ಹಾಕುವವರಿಗೆ

ಪ್ರಶ್ನೆ: ಅಕ್ಕಾ, ಆರು ತಿಂಗಳ ಹಿಂದೆ ಬೆಂಗಳೂರಿನಿಂದ ಹೂಜಿ ಗಿಡ (ಎಲೆ ತುದಿಯ ಹೂಜಿಯಲ್ಲಿ ಹುಳು ಹಿಡಿಯುವ ಪಿಚರ್ ಪ್ಲಾಂಟ್) ತಂದೆ. ಆಗ ಎಂಟು ಹೂಜಿ ಇದ್ದವು. ಈಗ ಎಲ್ಲಾ ಒಣಗಿವೆ, ಬರೀ ಎಲೆ ಬರುತ್ತಿದೆ. ದಿನಾ ನೊಣ ಹಿಡಿದು ಹಾಕಿದ್ದೆ. ಮುಚ್ಚಳ ಒಮ್ಮೆಯೂ ಮುಚ್ಚಲಿಲ್ಲ. ಕೆಟ್ಟ ಗಿಡ ಕೊಟ್ಟರಾ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಗಿಡ ಚೆನ್ನಾಗೇ ಇದೆ. ಮುಚ್ಚಳ ಮುಚ್ಚುವುದೇ ಇಲ್ಲ. ಮಳೆ ನೀರು ಒಳಗೆ ತುಂಬದ ಹಾಗೆ ಅದು ಕೊಡೆ ಹಿಡಿದು ನಿಂತಿರುತ್ತದೆ, ಅಷ್ಟೇ. ಫಟ್ ಅಂತ ಮುಚ್ಚುವುದು ವೀನಸ್ ಫ್ಲೈಟ್ರ್ಯಾಪ್ ಎಂಬ ಬೇರೆ ಹುಳು ಹಿಡಿಯುವ ಗಿಡ. ಇಲ್ಲಿ ಹುಳು ಬಾಯಂಚಿನಿಂದ ಜಾರಿ ಒಳಗಿನ ರಸಕ್ಕೆ ಬೀಳುತ್ತದೆ, ಅಲ್ಲೇ ಕರಗುತ್ತದೆ. ಆದರೂ ಗಿಡ ತನ್ನ ಊಟವನ್ನು ಬಿಸಿಲಿನಲ್ಲೇ ಮಾಡಿಕೊಳ್ಳುತ್ತದೆ. ಹುಳು ಪಕ್ಕದಲ್ಲಿ ಉಪ್ಪಿನಕಾಯಿ ಇದ್ದ ಹಾಗೆ. ನೊಣ ಹಿಡಿಯುವ ಕೆಲಸ ಬಿಡಿ.

ಹೊಸ ಹೂಜಿ ಬರುವುದು ನಿಂತದ್ದು ನಮ್ಮ ಒಣ ಗಾಳಿಯಿಂದ. ನೀರು ಯಾವುದು ಅಂತ ನೀವು ಬರೆದಿಲ್ಲ. ಬೋರಿನದಾದರೆ ಅದೂ ಒಂದು ಕಾರಣ. ನಾನು ಬಳ್ಳಾರಿಯಲ್ಲಿ ಮೊದಲ ಗಿಡವನ್ನು ಬೋರ್ ನೀರು ಹಾಕಿಯೇ ಕೊಂದೆ. ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿತು, ಎಲೆ ತುದಿಯಿಂದ ಸುಟ್ಟಿತು. ಸೊರಗಿದೆ ಅಂತ ಒಂದು ಚಮಚ ಡಿಎಪಿ ಗೊಬ್ಬರ ಬೇರೆ ಹಾಕಿದೆ! ವಾರದಲ್ಲಿ ಮುಗಿಯಿತು. ಸಾರವೇ ಇಲ್ಲದ ಮಣ್ಣಿನಲ್ಲಿ ಬೆಳೆದು ಬಂದ ಜಾತಿ ಇದು. ಬೇರಿಗೆ ಉಪ್ಪೂ ಆಗುವುದಿಲ್ಲ, ಗೊಬ್ಬರವೂ ಆಗುವುದಿಲ್ಲ.

ನೀರಿನ ಟಿಡಿಎಸ್ (ಕರಗಿದ ಉಪ್ಪಿನ ಅಳತೆ) 50ರೊಳಗೆ ಇರಲಿ. ಮಳೆ ನೀರು ಎಲ್ಲಕ್ಕಿಂತ ಒಳ್ಳೆಯದು, ಡ್ರಮ್ಮಿನಲ್ಲಿ ಹಿಡಿದಿಡಿ. ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಘಟಕದ ನೀರನ್ನೂ ಟಿಡಿಎಸ್ ಮೀಟರ್ ಇಟ್ಟು ನೋಡಿಯೇ ಹಾಕಿ. ಎರೆ ಮಣ್ಣು, ಸಗಣಿ ಗೊಬ್ಬರ ಬೇಡವೇ ಬೇಡ. ಸ್ಫ್ಯಾಗ್ನಮ್ ಪಾಚಿಗೆ ಪರ್ಲೈಟ್ (ಹಗುರವಾದ ಬಿಳಿ ಹರಳು) ಬೆರೆಸಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಆದರೆ ಒಳ್ಳೆಯ ನೀರಿನಲ್ಲಿ ನಾಲ್ಕೈದು ಸಲ ತೊಳೆಯಿರಿ, ಅದರಲ್ಲೂ ಉಪ್ಪಿರುತ್ತದೆ.

ಇನ್ನು ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ನನ್ನ ಗಿಡ ಕೂಲರ್ ಇರುವ ಕೋಣೆಯ ಕಿಟಕಿ ಹತ್ತಿರ ಕೂರುತ್ತದೆ. ಕೂಲರಿನ ತೇವ ಅದಕ್ಕೆ ಬೇಕು, ನೇರ ಗಾಳಿ ಬೇಡ. (ಮನೆಯವರಿಗಿಂತ ಒಳ್ಳೆಯ ಜಾಗ ಅದಕ್ಕೇ ಅಂತ ನಮ್ಮಲ್ಲಿ ದೂರಿದೆ.) ಮಳೆ ಹಿಡಿದ ಮೇಲೆ ಹಸಿರು ನೆಟ್ ಕೆಳಗೆ ಹೊರಗಿಡುತ್ತೇನೆ. ಆಗ ಹೊಸ ಹೂಜಿ ಶುರುವಾಗುತ್ತದೆ. ಹಳೆಯ ಎಲೆಯಲ್ಲಿ ಕಾಯಬೇಡಿ, ಹೂಜಿ ಬರುವುದು ಹೊಸ ಎಲೆಯ ತುದಿಯಲ್ಲೇ. ಒಣಗಿದ ಹೂಜಿ ಮಾತ್ರ ಕತ್ತರಿಸಿ, ಹಸಿರು ಎಲೆ ಬಿಡಿ.

ಪ್ರಶ್ನೆ: ಮೇಘಾಲಯದ ಕಾಡಿನದು ಅಂತ ಹೇಳಿ ಮಾರಿದರು. ಕೆಳಗಿನ ಹೂಜಿ ದುಂಡಗೆ, ಮೇಲಿನದು ಸಣ್ಣಗೆ. ಎರಡು ಗಿಡ ಸೇರಿಸಿದ್ದಾರಾ?
– ಇನ್ನೊಬ್ಬರು, ಗಂಗಾವತಿ

ಉತ್ತರ: ಒಂದೇ ಗಿಡ. ಕೆಳಗಿನ ಹೂಜಿ ಡೊಳ್ಳು ಹೊಟ್ಟೆಯದು, ಮುಂದೆ ಕೂದಲಂಚಿನ ಎರಡು ರೆಕ್ಕೆ ಇರುತ್ತವೆ. ಬಳ್ಳಿ ಮೇಲೇರಿದಾಗ ಬರುವ ಹೂಜಿ ಸಪೂರ, ರೆಕ್ಕೆ ಇರುವುದಿಲ್ಲ ಅಥವಾ ಗೆರೆಯಷ್ಟೇ ಉಳಿದಿರುತ್ತದೆ. ಈ ಹೂಜಿ ಗಿಡಗಳ ಕುಲದ ಹೆಸರು ನೆಪೆಂಥಿಸ್. ಮೇಘಾಲಯದ್ದು ನೆಪೆಂಥಿಸ್ ಖಾಸಿಯಾನ, ನಮ್ಮ ದೇಶದ ಕಾಡಿನಲ್ಲಿರುವ ಒಂದೇ ನೆಪೆಂಥಿಸ್ ಜಾತಿ, ಅಳಿವಿನಂಚಿನಲ್ಲಿದೆ. ಕಾಡಿನಿಂದ ಕಿತ್ತದ್ದು ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ಕೊಳ್ಳಲೇಬೇಡಿ. ನರ್ಸರಿಯಲ್ಲಿ ಜಾಸ್ತಿ ಸಿಗುವುದು ವೆಂಟ್ರಾಟಾ ಎಂಬ ಮಿಶ್ರತಳಿ. ಹೂಜಿಗೆ ಕೆಂಪು ಛಾಯೆ, ನಡು ಸಣ್ಣ. ನಿಮ್ಮದೂ ಅದೇ ಇರಬಹುದು, ನಡು ನೋಡಿ. ಹೂಜಿ ಎಲೆ ತುದಿಯಿಂದ ತೂಗದೆ ನೆಲದಿಂದಲೇ ಕೊಳವೆಯ ಹಾಗೆ ಎದ್ದಿದ್ದರೆ ಅದು ಸಾರಸೇನಿಯಾ ಎಂಬ ಅಮೆರಿಕದ ಬೇರೆ ಹೂಜಿ ಗಿಡ. ಅದಕ್ಕೆ ಚಳಿಗಾಲದ ನಿದ್ದೆ ಬೇಕು, ನಮ್ಮೂರಿನಲ್ಲಿ ಆ ಚಳಿ ಎಲ್ಲಿಂದ ತರುವುದು?

ಪ್ರಶ್ನೆ: ಬೇಲಿಯ ಈಶ್ವರಿ ಬಳ್ಳಿಯ ಹೂವೂ ಹೂಜಿಯ ಹಾಗಿದೆ. ಅದೂ ಹುಳು ತಿನ್ನುತ್ತದಾ?
– ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ಇಲ್ಲ ಮಗಳೇ. ಸಣ್ಣ ನೊಣವನ್ನು ಸ್ವಲ್ಪ ಹೊತ್ತು ಕೂಡಿ ಹಾಕುತ್ತದೆ, ಪರಾಗ ಮೆತ್ತಿಸಿ ಬಿಟ್ಟುಬಿಡುತ್ತದೆ. ಮದ್ದು ಅಂತ ಮಾತ್ರ ಅದನ್ನು ಕುದಿಸಿ ಕುಡಿಯಬೇಡ, ಮೂತ್ರಪಿಂಡಕ್ಕೆ ಕೆಡುಕು.